ಯಾರೂ ಇಲ್ಲದ ಕಡೆ ನಿಲ್ಲುವ ಗಾಡಿ

ನಮ್ಮ ಮುತ್ತಜ್ಜ ರೇವಣಪ್ಪ ಭೀಮಾ ನದಿಯ ರಾಡಿಯಲ್ಲಿ ಹೂತುಹೋದ ಜೋಳದ ಚಕ್ಕಡಿಯ ಎತ್ತುಗಳನ್ನು ಬಿಚ್ಚಿ, ತಾನೇ ನೊಗಕ್ಕೆ ಹೆಗಲು ಕೊಟ್ಟು ದಡ ಮುಟ್ಟಿಸಿದವನು. ಕೈಹಚ್ಚಲು ಓಡಿಬಂದ ಮಂದಿಗೆ, "ಎತ್ತಿಗೆ ನೀರು ಕುಡಸ್ರಿ, ಅಷ್ಟ ಸಾಕು" ಎಂದನಂತೆ. ನಮ್ಮ ಅಜ್ಜ ಬೀರಪ್ಪ ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ಬಾವಿಯ ಗಾಲಿ ಕಿರುಗುಟ್ಟುವುದನ್ನು ಕೇಳಿ, ಅದು ಯಾರ ಹೊಲದ ಗಾಲಿ, ಅದಕ್ಕೆ ಎಣ್ಣೆ ಯಾವ ಬದಿಗೆ ಬೇಕು ಎಂದು ಹೇಳುತ್ತಿದ್ದ. ನಮ್ಮ ಅಪ್ಪ ಶಂಕರೆಪ್ಪ ಹೊಸ ಆಯಿಲ್ ಇಂಜಿನ್ನು ತಂದ ದಿನವೇ ಅದನ್ನು ಪೂರಾ ಬಿಚ್ಚಿ ಅಂಗಳದಲ್ಲಿ ಹರವಿದ. ಮತ್ತೆ ಜೋಡಿಸಿದ ಮೇಲೆ ಎರಡು ನಟ್ಟು ಉಳಿದವು. "ಕಂಪನ್ಯಾವ್ರು ಹೆಚ್ಚಿಗಿ ಹಾಕಿದ್ರು" ಎಂದು ಅವನ್ನು ಕಿಟಕಿಯಲ್ಲಿಟ್ಟ. ಇಂಜಿನ್ನು ಅವನು ಸಾಯುವವರೆಗೂ ಓಡಿತು.

ಇಂಥ ವಂಶದ ಕುಡಿ ನಾನು, ಹೊರ್ತಿಯ ಸಿದ್ದರಾಯ. ಸಾಲೆ ಏಳನೇ ಇಯತ್ತೆಗೇ ನನ್ನನ್ನು ಬಿಟ್ಟಿತು. ನಾನು ಕಲಿಯುವುದನ್ನು ಬಿಡಲಿಲ್ಲ. ಲಿಂಬೆತೋಟಕ್ಕೆ ನೀರೆತ್ತುವ ಮೋಟಾರು ಯಾರದೇ ಕೆಡಲಿ, ಸುಟ್ಟ ವಾಸನೆಯನ್ನು ಮೂಗಿನಿಂದ ಎಳೆದೇ ರೋಗ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಈವರೆಗೆ ಮಿಸ್ತ್ರಿಯನ್ನು ಕರೆಸಿದ ದಾಖಲೆ ಇಲ್ಲ.

ಆದ್ದರಿಂದ, ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು ರೇಣುಕಾ ಚೊಚ್ಚಲ ಬಸುರಿಯಾದಾಗ, ನಾನು ಮೀಸೆಯ ಮೇಲೆ ಕೈಯಿಟ್ಟು ಘೋಷಿಸಿದೆ: ಕುಬಸದ, ಅಂದರೆ ಸೀಮಂತದ, ಕಾರ್ಯ ಮುಗಿಸಿ ಮಗಳನ್ನು ಬಾಣಂತನಕ್ಕೆ ಕರೆತರುವುದು ನನ್ನ ಸ್ವಂತ ಗಾಡಿಯಲ್ಲಿ! ಅದೂ ಅಂಥಿಂಥ ಗಾಡಿಯಲ್ಲ, ಮಂತ್ರಿಗಳು ಕೂಡುವಂಥ ದೊಡ್ಡ ಗಾಡಿಯಲ್ಲಿ. ಹಳೆಯದಾದರೇನು? ಅದರ ರೋಗಗಳಿಗೆ ನಾನಿಲ್ಲವೇ?

ಗಾಡಿ ಸಿಕ್ಕಿದ್ದು ವಿಜಯಪುರದ ಒಬ್ಬ ಗುತ್ತಿಗೆದಾರನ ಹತ್ತಿರ. ನಮ್ಮ ಲಿಂಬೆಕಾಯಿ ಕೊಳ್ಳುವ ವ್ಯಾಪಾರಿ ಮಶಾಕಸಾಬ ನನ್ನ ಜೊತೆ ಬಂದಿದ್ದ. ಯಾಕೆ ಮಾರುತ್ತೀರಿ ಎಂದು ಕೇಳಿದರೆ ಗುತ್ತಿಗೆದಾರ, ನಿಲ್ಲಿಸಲು ಜಾಗವಿಲ್ಲ ಎಂದ. ಅವನ ಅಂಗಳದಲ್ಲಿ ಕಬಡ್ಡಿ ಪಂದ್ಯ ನಡೆಸಬಹುದಿತ್ತು. ಮಶಾಕಸಾಬ ನನ್ನ ಅಂಗಿ ಜಗ್ಗಿದ. ನಾನು ಅಂಗಿ ಬಿಡಿಸಿಕೊಂಡು ಕೀಲಿ ಇಸಿದುಕೊಂಡೆ.

ಗಾಡಿ ಕರ್ರಗೆ, ಮೈತುಂಬಿದ ಎಮ್ಮೆಯಂತಿತ್ತು. ವಿದೇಶಿ ಕಂಪನಿಯದು, ಹೆಸರು ಬೇಡ, ಅವರದೇನೂ ತಪ್ಪಿಲ್ಲ. ಒಳಗೆ ಕುಳಿತು ಚಾಲೂ ಮಾಡಿದ್ದೇ ತಡ, ಸೀಟು ನನ್ನನ್ನು ಮುಂದಕ್ಕೆ ದೂಡಿತು. ಬೆಲ್ಟು ತಾನಾಗಿ ಬಿಗಿದು ಎದೆಯನ್ನು ಅಪ್ಪಿಕೊಂಡಿತು. ಹೊರಗೆ ನಿಂತ ಕನ್ನಡಿಗಳು ಕಿವಿ ನಿಮಿರಿಸಿದವು. ನಾನು ಗಾಬರಿಯನ್ನು ಮುಖದಲ್ಲಿ ತೋರಿಸಲಿಲ್ಲ. ಮನೆಗೆ ಬಂದು ಬಂದ್ ಮಾಡಿದ ಮೇಲೆ ಅದು "ಉಸ್ಸ್" ಎಂದು ದೀರ್ಘವಾಗಿ ಉಸಿರು ಬಿಟ್ಟು, ಒಂಟೆಯಂತೆ ನೆಲಕ್ಕೆ ಕುಸಿದು ಕುಳಿತಿತು. ನಮ್ಮ ನಾಯಿ ಅಂದು ಹಿತ್ತಲಿಗೆ ಓಡಿಹೋದದ್ದು ಊಟಕ್ಕೂ ಬರಲಿಲ್ಲ.

ಹೆಂಡತಿ ಶೇವಂತೆವ್ವ ಗಾಡಿಯ ಸುತ್ತ ಒಂದು ಸುತ್ತು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೀರ್ಪು ಕೊಟ್ಟಳು.

"ಹೊಟ್ಟ್ಯಾಗ ಕೂಸಿರೂ ಮಗಳ್ನ ಇದರಾಗ ಕೂಡಸಬೇಕಂದ್ರ, ಮೊದಲ ನನ್ನ ಕೂಡಿಸ್ಕೊಂಡು ಮುದ್ದೇಬಿಹಾಳ ಮುಟ್ಟಸ್ರಿ. ಹಾದ್ಯಾಗ ಇದು ಏನರ ಮಾಡ್ತಂದ್ರ ನನ್ನ ಮಗಳು ಅಳಿಯನ ಗಾಡ್ಯಾಗ ಬರ್ತಾಳ."

ಅಳಿಯ ಕಾಂತುನ ಗಾಡಿ ಎಂದರೆ ಒಂದು ಬಿಳಿ ಡಬ್ಬಿ. ಅದರಲ್ಲಿ ಹಿಂದೆ ಕುಳಿತವರ ಮೊಣಕಾಲು ಗದ್ದಕ್ಕೆ ಬಡಿಯುತ್ತದೆ. ನನ್ನ ಮಗಳು ಅದರಲ್ಲಿ ತವರಿಗೆ ಬರುವುದೇ? ಬೀಗರು ನಗುವುದಿಲ್ಲವೇ? ನಾನು ಶರತ್ತಿಗೆ ಒಪ್ಪಿದೆ.

ನಮ್ಮ ಕಡೆ ಗಾಡಿ ಎಂದ ಮೇಲೆ ಅಮಾವಾಸ್ಯೆಯ ಪೂಜೆ ತಪ್ಪಿಸುವಂತಿಲ್ಲ. ಬೇರೆ ಊರಿನವರು ಮುಂದೆ ಒಂದು ಲಿಂಬೆಕಾಯಿ, ನಾಲ್ಕು ಮೆಣಸಿನಕಾಯಿ ಕಟ್ಟಿ ಕೈತೊಳೆಯುತ್ತಾರೆ. ನಾವು ಲಿಂಬೆ ಬೆಳೆಯುವವರು! ಸೀಮೆಗೆಲ್ಲ ಲಿಂಬೆ ಕಳಿಸುವ ಇಂಡಿ ತಾಲೂಕಿನವರು ಸ್ವಂತ ಗಾಡಿಗೆ ಒಂದೇ ಕಾಯಿ ಕಟ್ಟಿದರೆ ಗಿಡಗಳಿಗೆ ಅವಮಾನ. ತೋಟದ ಆಯ್ದ ಕಾಯಿಗಳನ್ನು ಕರಿದಾರದಲ್ಲಿ ಪೋಣಿಸಿ, ಮೂತಿಯ ನಡುವೆ ಕಂಪನಿಯ ಗುರುತು ಇರುತ್ತದಲ್ಲ, ಸರಿಯಾಗಿ ಅದರ ಕೊರಳಿಗೆ ಶೇವಂತೆವ್ವ ಹಾರ ಹಾಕಿದಳು. ಗಾಡಿ ಮದುಮಗನಂತೆ ಕಂಡಿತು.

ಮೊದಲ ಸವಾರಿ ಇಂಡಿಗೆ. ರಸ್ತೆ ಬಟಾಬಯಲು, ಮುಂದೆ ಒಂದು ಕೋಳಿಪಿಳ್ಳೆಯೂ ಇಲ್ಲ. ಹದವಾದ ವೇಗದಲ್ಲಿ ಹೋಗುತ್ತಿದ್ದಾಗ ಗಾಡಿ ಒಮ್ಮೆಲೇ ಚೀರಿ, ಪರದೆಯ ಮೇಲೆ ಕೆಂಪು ಉರಿ ತೋರಿಸಿ, ತಾನೇ ಬ್ರೇಕು ಹಾಕಿ ನಿಂತುಬಿಟ್ಟಿತು! ನನ್ನ ಹಣೆ ಸ್ಟೇರಿಂಗಿಗೆ ನಮಸ್ಕಾರ ಮಾಡಿತು. ನನ್ನ ಕಾಲು ಬ್ರೇಕಿನ ಹತ್ತಿರವೂ ಇರಲಿಲ್ಲ.

ಶೇವಂತೆವ್ವ ಮುಂದಿನ ಖಾಲಿ ರಸ್ತೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: "ಯಾರೋ ಅಡ್ಡ ಹಾದ್ರು."

"ಯಾರೂ ಇಲ್ಲಲ್ಲ."

"ನಿಮಗ ಕಾಣಂಗಿಲ್ಲ. ಅದಕ್ಕ ಕಾಣ್ತೈತಿ."

ಈ ಮಾತು ನನ್ನ ಎದೆಯಲ್ಲಿ ಬೋರೆಗಿಡದ ಮುಳ್ಳಿನಂತೆ ಕೂತಿತು. ಮುಂದೆ ಒಂದು ಹುಣಸೆಮರದ ಹತ್ತಿರ ಮತ್ತೆ ನಿಂತಿತು. ಸ್ಮಶಾನದ ತಿರುವಿನಲ್ಲಿ ನಿಂತಿತು. ಸ್ಮಶಾನದ ತಿರುವು! ಹಗಲು ಹೊತ್ತು, ನೆತ್ತಿಯ ಮೇಲೆ ಸೂರ್ಯ, ಆದರೂ ನನ್ನ ಹಲ್ಲು ಕಟಕಟ ಎಂದವು. ಹಲ್ಲಿನ ಸದ್ದು ಕೇಳಬಾರದೆಂದು ರೇಡಿಯೋ ಹಚ್ಚಲು ಹೋಗಿ ತಪ್ಪು ಗುಂಡಿ ಒತ್ತಿದೆ. ಹೆಣ್ಣು ಧ್ವನಿಯೊಂದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಶೇವಂತೆವ್ವ ಹಿಂದಿನ ಸೀಟನ್ನು ತಿರುಗಿ ನೋಡಿ, ಹಣೆಗೆ ಹಚ್ಚಿಕೊಳ್ಳಲು ವಿಭೂತಿ ಹುಡುಕಿದಳು.

ಪರದೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ಇಂಗ್ಲಿಷಿನ ಒಂದು ಸಾಲು ಪೂಜೆಯ ದಿನದಿಂದ ನಿಂತಿತ್ತು. ಅಕ್ಷರ ಕೂಡಿಸಿ ಓದಲು ನನಗೆ ಬರುತ್ತದೆ. ಓದಿದೆ. ಅರ್ಥವಾಗಲಿಲ್ಲ. ಆದರೆ ಅರ್ಥವಾಗಲಿಲ್ಲ ಎನ್ನುವ ರೂಢಿ ನಮ್ಮ ಮನೆತನದಲ್ಲಿಲ್ಲ.

"ಏನ ಬರದೈತ್ರಿ ಅಲ್ಲಿ?" ಎಂದು ಶೇವಂತೆವ್ವ ಕೇಳಿದಳು.

"ಸುಖಕರ ಪ್ರಯಾಣ ಅಂತ."

"ಮತ್ತ ಈಗ ಕೆಂಪಾತು?"

"ಭಾಳ ಸುಖಕರ ಪ್ರಯಾಣ ಅಂತ."

ಮನೆಗೆ ಬಂದವಳೇ ಅವಳು ಹಾರಕ್ಕೆ ಇನ್ನೊಂದು ಸಾಲು ಲಿಂಬೆ ಏರಿಸಿದಳು. ಮರುದಿನ ಗಾಡಿ ಇನ್ನೂ ಹೆಚ್ಚು ಕಡೆ ನಿಂತಿತು. ದೃಷ್ಟಿ ಗಟ್ಟಿಯಾಗಿದೆ ಎಂದು ಮತ್ತೊಂದು ಸಾಲು. ಗಾಡಿ ನಮ್ಮ ಅಂಗಳದಿಂದ ಹೊರಬೀಳಲೂ ಹಿಂದೆಮುಂದೆ ನೋಡತೊಡಗಿತು. ಓದುಗರೇ, ನೀವು ಜಾಣರು, ನಿಮಗೆ ಈಗಾಗಲೇ ತಿಳಿದಿರಬೇಕು. ನನಗೆ ತಿಳಿಯಲಿಲ್ಲ. ಅಂಜಿದವನಿಗೆ ಹಗ್ಗವೂ ಹಾವು. ಲಿಂಬೆಹಾರ ಮಾತ್ರ ಲಿಂಬೆಹಾರವೇ.

ಮಶಾಕಸಾಬ ದೊಡ್ಡ ಊರಿನ ಷೋರೂಮಿಗೆ ಒಯ್ಯಿರಿ ಎಂದ. ನಾನು ಫೋನಿನಲ್ಲಿ ಹುಡುಕಿ, ಗಾಡಿಯ ರೋಗ ಓದುವ ಒಂದು ಪುಟ್ಟ ಡಬ್ಬಿ ತರಿಸಿದೆ. ಅದನ್ನು ಸ್ಟೇರಿಂಗಿನ ಕೆಳಗಿನ ತೂತಿಗೆ ಚುಚ್ಚಿದರೆ ಗಾಡಿಯ ಹೊಟ್ಟೆಯೊಳಗಿನದೆಲ್ಲ ಫೋನಿಗೆ ಬರುತ್ತದೆಯಂತೆ. ಚುಚ್ಚಿದೆ. ಹರಿದ ಚೀಲದಿಂದ ಕಡಲೆ ಸುರಿದಂತೆ ಅಕ್ಷರ, ಅಂಕಿ ಸುರಿದವು. ಇಷ್ಟು ರೋಗ ಒಂದೇ ದೇಹದಲ್ಲಿ ಇದ್ದರೆ ಮನುಷ್ಯನಾದರೂ ಬದುಕುವುದಿಲ್ಲ. ಕೆಳಗೆ ಅಳಿಸುವ ಗುಂಡಿಯೊಂದಿತ್ತು. ಒತ್ತಿದೆ. ಎಲ್ಲ ಮಾಯ! ಆಹಾ, ಇಷ್ಟೇ ಏನು ಎಂದು ಮೀಸೆ ತಿರುವುವುದರೊಳಗೆ ಎಲ್ಲವೂ ತಿರುಗಿ ಬಂದವು, ಜೊತೆಗೆ ನೆಂಟರನ್ನೂ ಕರೆತಂದವು.

ಕುಬಸದ ದಿನ ಹತ್ತಿರ ಬರುತ್ತಿತ್ತು. ರೇಣುಕಾ ಫೋನಿನಲ್ಲಿ ದಿನವೂ ಕೇಳುತ್ತಿದ್ದಳು: ಅಪ್ಪ, ಗಾಡಿ ತರುತ್ತೀಯಲ್ಲ? ಅವಳ ಅತ್ತೆ ಇಂದ್ರಾಬಾಯಿ ಓಣಿಗೆಲ್ಲ ಸಾರಿಬಿಟ್ಟಿದ್ದರಂತೆ. ನನಗೆ ನಿದ್ದೆ ಹತ್ತದಾಯಿತು. ಕಣ್ಣು ಮುಚ್ಚಿದರೆ ಮಗಳು ಹಿಂದೆ ಕುಳಿತಿದ್ದಾಳೆ, ಗಾಡಿ ಯಾರನ್ನೋ ಕಂಡು ಥಟ್ಟನೆ ನಿಲ್ಲುತ್ತದೆ. ಅದರ ಮುಂದಿನದನ್ನು ನೋಡಲಾರದೆ ಎದ್ದು ಕೂರುತ್ತಿದ್ದೆ.

ಇಂಡಿಯಲ್ಲಿ ಎಲ್ಲರೂ ನನ್ನ ಗುರುತಿನವರು, ಕೇಳಿದರೆ ಮಾನ ಹೋಗುತ್ತದೆ. ಆದ್ದರಿಂದ ಸಿಂದಗಿಗೆ ಹೋದೆ. ಅಲ್ಲಿ ತಬ್ರೇಜ ಎಂಬುವನದು ಗಾಡಿಗಳ ವೈರಿಂಗ್ ಅಂಗಡಿ. ನನ್ನ ಗಾಡಿಯನ್ನು ಎರಡು ಓಣಿ ಆಚೆ ನಿಲ್ಲಿಸಿ, ನಡೆದು ಹೋಗಿ, ನನ್ನ ಗೆಳೆಯನೊಬ್ಬನ ಗಾಡಿಗೆ ಹೀಗೆ ಹೀಗೆ ಆಗುತ್ತಿದೆ ಎಂದು ಶುರುಮಾಡಿದೆ.

"ಗಾಡಿ ಎಲ್ಲೈತ್ರಿ ಕಾಕಾ?" ಎಂದ ತಬ್ರೇಜ.

"ಗೆಳ್ಯಾನ ಹಂತ್ಯಾಕೈತಿ. ಅಂವ ಕನ್ನೊಳ್ಳಿ ಊರಾಗ ಇರ್ತಾನ."

ಆ ಗಳಿಗೆಗೆ ಸರಿಯಾಗಿ ಎರಡು ಓಣಿ ಆಚೆಯಿಂದ ನನ್ನ ಗಾಡಿ ಬೊಬ್ಬೆ ಹಾಕತೊಡಗಿತು. ಮುಟ್ಟದಿದ್ದರೂ ಕೂಗುವುದು ಅದರ ಇನ್ನೊಂದು ಚಟ. ತಬ್ರೇಜ ಅತ್ತ ಕಿವಿಗೊಟ್ಟು, ಗಂಭೀರವಾಗಿ ಹೇಳಿದ:

"ನಿಮ್ಮ ಗೆಳ್ಯಾನ ಗಾಡಿ ಕನ್ನೊಳ್ಳ್ಯಾಗಿಂದ ಇಲ್ಲೀತನಾ ಕೇಳಸ್ತೈತಿ ನೋಡ್ರಿ. ತರಸ್ರಿ, ಕಂಪ್ಯೂಟರ್ ಹಚ್ಚಿ ನೋಡೋಣು."

"ಬ್ಯಾಡಪಾ. ಅಂವ ಭಾಳ ಸೊಕ್ಕಿನ ಮನಷ್ಯಾ ಅದಾನ. ಯಾರ ಕೈಯಾಗೂ ಕೊಡಂಗಿಲ್ಲ."

ಹೀಗೆ ನನ್ನ ಬಗ್ಗೆ ನಾನೇ ಒಂದು ಸತ್ಯ ನುಡಿದು, ಓಡಿಹೋಗಿ ಗಾಡಿ ಸುಮ್ಮನಾಗಿಸಿದೆ.

ಇನ್ನು ಉಳಿದದ್ದು ನಮ್ಮ ಸ್ವಂತ ವಿದ್ಯೆ. ಮೋಟಾರಿನ ಸ್ಟಾರ್ಟರು ಕೆಟ್ಟರೆ ನಾನು ಮೊದಲು ಮಾಡುವುದು ಒಂದೇ: ತಾಮ್ರದ ಜೋಡಣೆಗಳನ್ನು ಬಿಚ್ಚಿ ಲಿಂಬೆರಸ ಹಚ್ಚಿ ತಿಕ್ಕುವುದು. ಕಿಲುಬು ಹೋಗಿ ಬಂಗಾರದಂತೆ ಹೊಳೆಯುತ್ತವೆ, ಮೋಟಾರು ನಗುತ್ತ ತಿರುಗುತ್ತದೆ. ಎತ್ತಿಗೆ ನಡೆದ ಔಷಧ ಆನೆಗೆ ಯಾಕೆ ನಡೆಯಬಾರದು? ಒಂದು ಮಧ್ಯಾಹ್ನ ಶೇವಂತೆವ್ವ ಸಂಘದ ಸಭೆಗೆ ಹೋಗಿದ್ದಾಗ, ಗಾಡಿಯ ಬಾಯಿ ತೆರೆದು, ಕೈಗೆ ಸಿಕ್ಕ ವೈರಿನ ಡಬ್ಬಿಗಳ ಮುಚ್ಚಳ ಬಿಚ್ಚಿ, ಕೂದಲಿನಂಥ ತೆಳ್ಳನೆ ಹಲ್ಲುಗಳಿಗೆಲ್ಲ ಲಿಂಬೆ ಹಿಂಡಿದೆ. ಕೈ ತಡೆಯಲಿಲ್ಲ. ಬೆಳೆದ ಕಾಯಿ ಅಲ್ಲವೇ, ಧಾರಾಳ ಹಿಂಡಿದೆ. ಜೋಡಿಸಿ ಚಾಲೂ ಮಾಡಿದೆ.

ಹಿಂದಿನ ಬಾಗಿಲು ಮೊಸಳೆಯ ಬಾಯಿಯಂತೆ ತೆರೆಯಿತು, ಮುಚ್ಚಿತು, ತೆರೆಯಿತು. ಬಿಸಿಲಿನಲ್ಲಿ ವೈಪರು ಓಡಾಡಿದವು. ಪರದೆಯ ತುಂಬ ದೀಪಾವಳಿ. ನಾನು ಗಾಡಿಯಿಂದ ಹಾರಿ, ಲಿಂಬೆಗಿಡದ ಮುಳ್ಳಿನಲ್ಲಿ ಬಿದ್ದೆ. ಅಲ್ಲಿಂದಲೇ ಸ್ವಲ್ಪ ಹೊತ್ತು ಅದನ್ನು ನೋಡಿದೆ. ಅದೂ ದೀಪ ಮಿಟುಕಿಸುತ್ತ ನನ್ನನ್ನೇ ನೋಡಿತು. ಕಡೆಗೆ ದೂರದಿಂದ ಉದ್ದ ಕೈಚಾಚಿ ಬ್ಯಾಟರಿಯ ವೈರು ಕಿತ್ತು, ರಸ ಆರಲು ಬಿಟ್ಟು, ಮತ್ತೆ ಹಚ್ಚಿದೆ. ಬಂದ್ ಮಾಡಿ ಚಾಲೂ ಮಾಡುವುದಕ್ಕಿಂತ ದೊಡ್ಡ ಮಂತ್ರ ಲೋಕದಲ್ಲಿಲ್ಲ. ದೀಪಗಳೆಲ್ಲ ಆರಿದವು. ಉಳಿದದ್ದು ಆ 'ಸುಖಕರ ಪ್ರಯಾಣ' ಮಾತ್ರ.

ಸಂಜೆ ಶೇವಂತೆವ್ವನನ್ನು ಊರ ಸುತ್ತ ಒಂದು ಸುತ್ತು ಹೊಡೆಸಿದೆ. ಮೂಗು ಅರಳಿಸಿ, ಏನೋ ಲಿಂಬೆವಾಸನೆ ಎಂದಳು. ಹಾರದ್ದು ಎಂದೆ. ಸ್ವಲ್ಪ ದೂರ ಹೋದ ಮೇಲೆ ಅವಳ ಮುಖ ಬಾಡಿತು. "ನನಗ್ಯಾಕೋ ಜ್ವರ ಬಂದಂಗಾಗೈತ್ರಿ. ಕೆಳಗಿಂದ ಮ್ಯಾಲೆ ಏರಾಕತ್ತೈತಿ." ಮುಟ್ಟಿ ನೋಡಿದರೆ ಹಣೆ ತಣ್ಣಗಿತ್ತು, ಸೀಟು ಹೆಂಚಿನಂತೆ ಕಾದಿತ್ತು. ಚಳಿದೇಶದವರಿಗಾಗಿ ಸೀಟು ಬಿಸಿ ಮಾಡುವ ಯಂತ್ರ ಅದು, ವಿಜಯಪುರ ಸೀಮೆಯ ಸೆಕೆಯಲ್ಲಿ ತಾನಾಗಿ ಹೊತ್ತಿಕೊಂಡಿತ್ತು. ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದು ಅವಳಿಗೆ ಕಷಾಯ ಕುದಿಸಿ ಕೊಟ್ಟೆ. ಮದುವೆಯಾದಾಗಿನಿಂದ ನಾನು ಒಲೆ ಮುಟ್ಟಿದವನಲ್ಲ. ಆ ಕಷಾಯದಿಂದಲೇ ಅವಳಿಗೆ ಸಂಶಯ ಹುಟ್ಟಿತಂತೆ.

ಕುಬಸದ ದಿನ ನಸುಕಿನಲ್ಲಿ ಹೊರಟೆವು. ಹಿಂದೆ ಸೀರೆ, ಬಳೆ, ಬುತ್ತಿ, ಬೀಗರಿಗೆಂದು ಒಂದು ಬುಟ್ಟಿ ಲಿಂಬೆಕಾಯಿ. ಮುಂದೆ ಗಾಡಿಯ ಮೂತಿ ಕಾಣದಷ್ಟು ದೊಡ್ಡ ಹಾರ. ನಾನು ಚಕ್ಕಡಿಯ ವೇಗದಲ್ಲಿ ನಡೆಸಿದೆ. ವಿಜಯಪುರ ದಾಟುವುದರೊಳಗೆ ನಮ್ಮನ್ನು ಹಿಂದೆ ಹಾಕದ ವಾಹನ ಉಳಿಯಲಿಲ್ಲ. ಮೇವು ಹೇರಿದ ಟ್ರಾಕ್ಟರಿನವನು ಕೂಡ ತಿರುಗಿ ನೋಡಿ, ಏನಾದರೂ ಬೇಕೇ ಎಂದು ಕೈಸನ್ನೆ ಮಾಡಿದ. ಬೇಡ ಎಂದು ಕೈಯಾಡಿಸಿದೆ. ಗಾಡಿ ನಿಂತಾಗಲೆಲ್ಲ ನಾನು ಮೊದಲೇ ಸಿದ್ಧನಾಗಿ, "ಎಡಕ ಹೊಲಾ ನೋಡು, ಬೆಳಿ ಎಷ್ಟ ಚೊಲೊ ಬಂದೈತಿ" ಎನ್ನುತ್ತಿದ್ದೆ. ನೋಡಲೆಂದೇ ನಿಲ್ಲಿಸಿದವನಂತೆ. ಎಡಕ್ಕೆ ಬರೀ ಕಲ್ಲುನೆಲ ಇದ್ದಾಗಲೂ ಅಂದೆ.

ಬಸವನಬಾಗೇವಾಡಿ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ, ಸಂತೆಯ ಹೊತ್ತು, ರಸ್ತೆ ತುಂಬ ಜನ. ಗಾಡಿ ನಿಂತಿತು. ನಿಂತದ್ದಲ್ಲದೆ, "ಉಸ್ಸ್" ಎಂದು, ಮುಂದಿನ ಎರಡೂ ಕಾಲು ಮಡಚಿ, ಮೂತಿ ನೆಲಕ್ಕೆ ಹಚ್ಚಿ ಕುಳಿತುಬಿಟ್ಟಿತು! ನಾವಿಬ್ಬರೂ ಒಳಗೆ ಮುಂದಕ್ಕೆ ಜಾರಿದೆವು. ಹಿಂದಿನ ಬುಟ್ಟಿಯಿಂದ ಲಿಂಬೆಕಾಯಿ ಉರುಳಿ ಬಂದು ನಮ್ಮ ಕಾಲಿಗೆ ಬಿದ್ದವು.

ಶೇವಂತೆವ್ವ ನನ್ನತ್ತ ತಿರುಗಿದಳು. ಅವಳ ಬಾಯಲ್ಲಿ "ಅಳಿಯನ ಗಾಡಿ" ಎಂಬ ಮಾತು ರೂಪುಗೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. ಮಗಳು ಕೈತಪ್ಪುತ್ತಾಳೆ! ಅಂಜಿಕೆಯಲ್ಲಿ ಮನುಷ್ಯನಿಗೆ ಎಲ್ಲಿಂದ ಬುದ್ಧಿ ಬರುತ್ತದೋ ತಿಳಿಯದು.

"ಕೈ ಮುಗಿ" ಎಂದೆ. "ಬಸವಣ್ಣ ಹುಟ್ಟಿದ ಊರ ಇದು. ಗಾಡಿ ಮೊಣಕಾಲ ಊರೈತಿ."

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ನಂತರ ಇಳಿದು, ಸೆರಗು ತಲೆಗೆ ಹೊದ್ದು, ನಿಜವಾಗಿಯೇ ಕೈಮುಗಿದಳು. ಹಿಂದೆಯೇ ಒಬ್ಬ ಮುದುಕಿ ಬಂದು, ಏನವ್ವ ಎಂದು ಕೇಳಿ, ತಾನೂ ಕೈಮುಗಿದಳು. ಕಾಯಿಪಲ್ಲೆ ಮಾರುವವರು ಬಂದರು. ಯಾರೋ ವಿಭೂತಿ ಬಳಿದರು, ಯಾರೋ ತೆಂಗಿನಕಾಯಿ ಒಡೆದರು. ಇನ್ನೊಬ್ಬ ಹಾರಕ್ಕೆ ತನ್ನದೂ ಎರಡು ಲಿಂಬೆ ಸೇರಿಸಿ ಕಟ್ಟಿದ. ಹಿಂದೆ ಬಸ್ಸುಗಳ ಸಾಲು. ಕಂಡಕ್ಟರ್ ಒಬ್ಬ ಬೈಯಲು ಬಂದವನು, ಮಂದಿಯ ಭಕ್ತಿ ನೋಡಿ, ಟೋಪಿ ತೆಗೆದು ನಿಂತ. ನಾನು ಒಳಗೆ ಬೆವರಿನಲ್ಲಿ ತೋಯ್ದು, ಕಣ್ಣು ಮುಚ್ಚಿ, ಸಿಕ್ಕ ಗುಂಡಿಯನ್ನೆಲ್ಲ ಒತ್ತುತ್ತಿದ್ದೆ. ಹೊರಗಿನವರಿಗೆ ಅದು ಜಪದಂತೆ ಕಂಡಿತಂತೆ. ಯಾವ ಗುಂಡಿಗೆ ಒಲಿಯಿತೋ, ಗಾಡಿ ಮೆಲ್ಲಗೆ ಎದ್ದು ನಿಂತಿತು. ಜನ ಜಯಕಾರ ಹಾಕಿದರು. ಅಲ್ಲಿಂದ ನಾನು ಹಿಂದೆ ನೋಡದೆ ಹೊರಟೆ.

ಮುದ್ದೇಬಿಹಾಳದಲ್ಲಿ ಬೀಗ ಮಲಕಾಜಪ್ಪನವರ ಅಂಗಳಕ್ಕೆ ಗಾಡಿ ನುಗ್ಗಿದಾಗ ಓಣಿಯೇ ನೆರೆದಿತ್ತು. ರೇಣುಕಾ ಹಸಿರು ಬಳೆ ತುಂಬಿದ ಕೈಯಿಂದ ಗಾಡಿಯ ಮೈ ಸವರಿ, ನಿನ್ನ ಗಾಡಿಯಲ್ಲೇ ಬರುತ್ತೇನಪ್ಪ ಎಂದಳು. ನನ್ನ ಎದೆ ಉಬ್ಬಿತು, ಅಷ್ಟೇ ವೇಗದಲ್ಲಿ ಕುಗ್ಗಿತು.

ಆರತಿ, ಹಾಡು, ಹೋಳಿಗೆ ಊಟ ಎಲ್ಲ ಮುಗಿಯುವ ಹೊತ್ತಿಗೆ, ಅಂಗಳದಲ್ಲಿ ಒಂದು ಘಟನೆ ನಡೆದಿತ್ತು. ಅದನ್ನು ಆಗ ಯಾರೂ ಗಮನಿಸಲಿಲ್ಲ. ಇಂದ್ರಾಬಾಯಿಯವರ ಆಡು ಹಗ್ಗ ಹರಿದುಕೊಂಡು ಬಂದು, ಗಾಡಿಯ ಕೊರಳ ಹಾರವನ್ನು ಲಿಂಬೆ, ಮೆಣಸಿನಕಾಯಿ, ದಾರ ಸಮೇತ ಸ್ವಾಹಾ ಮಾಡಿತ್ತು.

ಊಟದ ಮೇಲೆ ಮಲಕಾಜಪ್ಪ ಒಂದು ಸುತ್ತು ಹೋಗಿಬರೋಣವೇ ಎಂದರು. ನಾನು ಮನೆದೇವರನ್ನು ನೆನೆದು ಹೊರಟೆ. ಏನಾಶ್ಚರ್ಯ! ಗಾಡಿ ಎಲ್ಲೂ ನಿಲ್ಲಲಿಲ್ಲ, ಚೀರಲಿಲ್ಲ. ಎಮ್ಮೆ ಅಡ್ಡ ಬಂದರೆ ಮಾತ್ರ ನಿಧಾನವಾಯಿತು. ಬೀಗರು ಮೆತ್ತನೆ ಸೀಟಿನಲ್ಲಿ ಒರಗಿ, "ಬೆಣ್ಯಾಗಿನ ಕೂದಲಾ ತಗದಂಗ ಹೊಂಟೈತ್ರಿ" ಎಂದರು. ನನಗೆ ಖಾತ್ರಿಯಾಯಿತು: ನನ್ನ ಲಿಂಬೆರಸ ತಡವಾಗಿ ಕೆಲಸ ಮಾಡಿದೆ! ಕೆಲವು ಔಷಧ ಹಾಗೆಯೇ, ಮೈಗೆ ಹತ್ತಲು ದಿನ ಬೇಕು. ವಿದೇಶಿ ಕಂಪನಿಯವರಿಗೆ ಹೊಳೆಯದ್ದು ಹೊರ್ತಿಯ ಸಿದ್ದರಾಯನಿಗೆ ಹೊಳೆಯಿತು ಎಂದು ಬೀಗರಿಗೆ ಹಾದಿಯುದ್ದಕ್ಕೂ ವರ್ಣಿಸಿದೆ. ರಸದ ಸುದ್ದಿ ಮಾತ್ರ ಬಾಯಿಬಿಡದೆ, 'ನಮ್ಮ ಮನೆತನದ ವಿದ್ಯೆ' ಎಂದೆ.

ಹೊರಡುವ ಹೊತ್ತು. ಗಾಡಿಯ ಬರಿಕೊರಳು ನೋಡಿ ಶೇವಂತೆವ್ವ ಎದೆ ಮುಟ್ಟಿಕೊಂಡಳು. ಬಸುರಿ ಕೂಡುವ ಗಾಡಿಗೆ ಹಾರವಿಲ್ಲವೇ? ಬುಟ್ಟಿಯಲ್ಲಿದ್ದ ಕಾಯಿಗಳನ್ನೆಲ್ಲ ಪೋಣಿಸಿ, ಹಿಂದೆಂದೂ ಇಲ್ಲದಂಥ ಭಾರಿ ಹಾರ ಕಟ್ಟಿದಳು. ರೇಣುಕಾಳನ್ನು ಹಿಂದೆ, ದಿಂಬುಗಳ ನಡುವೆ ಕೂಡಿಸಿದೆವು. ನಾನು ಚಾಲೂ ಮಾಡಿದೆ. ಪರದೆಯ ಮೇಲೆ ಹಳೆಯ ಸಾಲು ಬೆಳಗಿತು.

"ನೋಡವ್ವ, ಗಾಡಿ ಹೆಂಗ ಶುಭ ಹೇಳ್ತೈತಿ" ಎಂದಳು ಶೇವಂತೆವ್ವ ಮಗಳಿಗೆ. "ಸುಖಕರ ಪ್ರಯಾಣ ಅಂತ ಬರದೈತಿ."

ರೇಣುಕಾ ಮುಂದಕ್ಕೆ ಬಾಗಿ ಓದಿದಳು. "ಅಲ್ಲವ್ವ. ಮುಂದಿನ ಸೆನ್ಸರ್ ಮುಚ್ಚೇತಿ, ಸ್ವಚ್ಛ ಮಾಡ್ರಿ ಅಂತ ಬರದೈತಿ."

ಕಾಂತು ಗಾಡಿಯ ಮುಂದೆ ಹೋಗಿ ಹಾರವನ್ನು ಎತ್ತಿ ಹಿಡಿದ: ಅಕ್ಷರ ಮಾಯ. ಬಿಟ್ಟ: ಅಕ್ಷರ ಬಂದವು. ಮತ್ತೆ ಎತ್ತಿದ: ಮಾಯ. ಕಂಪನಿಯ ಗುರುತಿನ ಹಿಂದೆ ಮುಂದಿನದನ್ನು ನೋಡುವ ಕಣ್ಣು ಇರುತ್ತದಂತೆ. ನಾವು ಆ ಕಣ್ಣಿಗೆ ಲಿಂಬೆ ತೂಗುಹಾಕಿ, ಅದು ಬೆಚ್ಚಿಬಿದ್ದಾಗೆಲ್ಲ ಇನ್ನಷ್ಟು ಲಿಂಬೆ ತೂಗುಹಾಕಿದ್ದೆವು. ಗಾಡಿಗೆ ಕಂಡ ದೆವ್ವಗಳೆಲ್ಲ ನಮ್ಮ ತೋಟದವೇ.

ಶೇವಂತೆವ್ವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಇಳಿದುಹೋಗಿ, ತಾನೇ ಕಟ್ಟಿದ ಹಾರವನ್ನು ತಾನೇ ಬಿಚ್ಚಿ, ಆಡಿನ ಮುಂದೆ ಒಗೆದು ಬಂದು ಕುಳಿತಳು. "ಮಗಳಿಗಿಂತ ದೃಷ್ಟಿ ದೊಡ್ಡದಲ್ಲ. ನಡೀರಿ."

ಎಲ್ಲರ ಮುಖ ಅರಳಿತ್ತು. ರೋಗ ಸಿಕ್ಕಿತು, ಗಾಡಿ ನೆಟ್ಟಗಾಯಿತು, ಹೆಂಡತಿಯೂ ಒಪ್ಪಿದಳು. ಮಗಳು ನನ್ನ ಗಾಡಿಯಲ್ಲೇ ತವರಿಗೆ ಬರುತ್ತಾಳೆ. ನಾನು ಗೆದ್ದಿದ್ದೆ. ಕಾಲನ್ನು ಬ್ರೇಕಿನಿಂದ ತೆಗೆಯುವುದಷ್ಟೇ ಬಾಕಿ.

ಕಾಲು ಏಳಲಿಲ್ಲ.

ಯಾಕೆಂದರೆ, ನಿಂತದ್ದು ಹಾರದಿಂದ ಸರಿ. ಆದರೆ ಸೀಟು ಕಾದದ್ದು? ಬಾಗೇವಾಡಿಯಲ್ಲಿ ಚಾಲೂ ಇರುವಾಗಲೇ ಮೊಣಕಾಲೂರಿದ್ದು? ಅವು ಹಾರದ ಕೆಲಸವಲ್ಲ. ಸುಮ್ಮನೆ ಕೂಗುವ ಚಟ ಬಿಟ್ಟರೆ ಗಾಡಿಗೆ ಮೊದಲಿನಿಂದ ರೋಗವೇ ಇರಲಿಲ್ಲ. ರೋಗವಿಲ್ಲದ ಗಾಡಿಗೆ ನಾನು ಔಷಧ ಕುಡಿಸಿದ್ದೆ. ಆ ರಸ ಈಗ ಯಾವ ವೈರಿನಲ್ಲಿ ಕುಳಿತು 'ಯಾವಾಗ ಕಚ್ಚಲಿ' ಎಂದು ಕಾಯುತ್ತಿದೆಯೋ, ಈ ಅಂಗಳದಲ್ಲಿ ನನ್ನೊಬ್ಬನ ಹೊರತು ಯಾರಿಗೂ ಗೊತ್ತಿಲ್ಲ. ಕನ್ನಡಿಯಲ್ಲಿ ನೋಡಿದೆ. ರೇಣುಕಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಿಶ್ಚಿಂತೆಯಿಂದ ನಗುತ್ತಿದ್ದಳು. ದೆವ್ವಕ್ಕೆ ಅಂಜಿದಾಗ ಹಲ್ಲು ಕಟಕಟಿಸಿದ್ದವು. ಈ ಅಂಜಿಕೆಗೆ ಸದ್ದೇ ಇರಲಿಲ್ಲ. ಗಾಡಿ ಬಂದ್ ಮಾಡಿದೆ.

"ರೇಣವ್ವ, ಕೆಳಗ ಇಳಿ ತಂಗಿ. ಕಾಂತುನ ಗಾಡ್ಯಾಗ ಬಾ."

"ಯಾಕಪ್ಪಾ? ಎಲ್ಲಾ ಸರಿ ಆತಲ್ಲ?"

"ಸರಿ ಆಗಿಲ್ಲವ್ವ. ನಾ ಇದರ ವೈರಿನಾಗೆಲ್ಲಾ ಲಿಂಬಿ ಹಿಂಡೇನಿ."

ಮಲಕಾಜಪ್ಪ ಕೆಮ್ಮಿದರು. ಕಾಂತು ಮುಖ ಆಚೆ ತಿರುಗಿಸಿದ. ಅವನ ಭುಜ ಕುಣಿಯುತ್ತಿತ್ತು. ಶೇವಂತೆವ್ವ ಶಾಂತವಾಗಿ ಕೇಳಿದಳು:

"ಲಿಂಬಿ ಹಿಂಡಿದವ್ರು ಉಪ್ಪು ಖಾರಾ ಯಾಕ ಬಿಟ್ರಿ? ಉಪ್ಪಿನಕಾಯರ ಆಗ್ತಿತ್ತಲ್ಲ."

ರೇಣುಕಾ ಇಳಿದಳು. ಇಳಿಯುವಾಗ ನನ್ನ ಕೈ ಹಿಡಿದು ಇಳಿದಳು. ಅಷ್ಟು ನನಗೆ ಸಾಕಾಯಿತು. ಬಿಳಿ ಡಬ್ಬಿಯಲ್ಲಿ ಮುಂದಿನ ಸೀಟು ಹಿಂದಕ್ಕೆ ಸರಿಸಿ ಮಗಳನ್ನು ಕೂಡಿಸಿದರು. ಶೇವಂತೆವ್ವ ಹಿಂದೆ ಹತ್ತಿದಳು, ಅವಳ ಮೊಣಕಾಲು ಗದ್ದಕ್ಕೆ ಬಡಿಯಿತು, ಆದರೂ ಮಹಾರಾಣಿಯಂತೆ ಕುಳಿತಳು.

ಇನ್ನು ಉಳಿದದ್ದು ನಾನು ಮತ್ತು ಅದು. ಗಾಡಿಯನ್ನು ಇಲ್ಲಿಯೇ ಬಿಡಿ, ಒಬ್ಬ ಮಿಸ್ತ್ರಿಯನ್ನು ಕರೆಸೋಣ, ನೀವು ಬಸ್ಸಿಗೆ ಹೋಗಿ ಎಂದು ಕಾಂತು ಹೇಳಿದ. ನಾನು ಕೀಲಿ ಬಿಗಿಹಿಡಿದೆ. ಬಿಟ್ಟುಹೋದರೆ ಮುದ್ದೇಬಿಹಾಳದ ಮಂದಿ ದಿನವೂ ಅದನ್ನು ನೋಡಿ ನನ್ನನ್ನು ನೆನೆಯುತ್ತಾರೆ. ಆಗ ಮಲಕಾಜಪ್ಪ ರುಮಾಲು ಸುತ್ತಿಕೊಂಡು ಮುಂದೆ ಬಂದರು. ನಿಜವಾಗಿಯೂ ಒಳ್ಳೆಯ ಮನುಷ್ಯ. ಇಷ್ಟು ದೂರ ಒಬ್ಬರೇ ಹೋಗಬೇಡಿ, ನಾನು ಜೊತೆಗೆ ಕೂಡುತ್ತೇನೆ, ಧೈರ್ಯಕ್ಕೆ ಒಬ್ಬರು ಇರಲಿ ಎಂದು ಬಾಗಿಲಿಗೆ ಕೈ ಹಾಕಿದರು.

ನಾನು ಗಾಜು ಸ್ವಲ್ಪ ಇಳಿಸಿ, ಉಳಿದವರಿಗೆ ಕೇಳದಂತೆ ಹೇಳಿದೆ:

"ಬ್ಯಾಡ್ರಿ ಬೀಗರ. ನೀವು ಬಾಜೂಕ ಕುಂತ್ರ ಹಾದಿ ತುಂಬಾ ಮರ್ಯಾದಿ ಹಿಡದು ಕುಂದರಬೇಕಾಗ್ತೈತಿ. ಒಬ್ಬನ ಇದ್ರ ಮನಸಿಗೆ ಬಂದಂಗ ಚೀರಕೋಂತ ಹೋಗ್ತೇನಿ."